ಕಾಗದದ ಮೇಲೆ ಏರಿದ ರಾಣಿ ಬಣ್ಣ

ನನಗೆ ಮರೆವು ಬಂದಿದೆ ಎಂದು ವಾಟ್ಸಾಪ್ ಗ್ರೂಪಿನಲ್ಲಿ ಬರೆದವರು ಯಾರು? ರಾಮಾಂಜಿ, ನೀನೇ ತಾನೇ? ನಿನ್ನ ಮಗಳ ಮದುವೆ ಯಾವ ವರ್ಷ ಎಂದು ಹೋದ ವಾರ ನಾನು ತಪ್ಪು ಹೇಳಿದೆನಂತೆ. ಹೇಳಿದೆ, ಏನೀಗ? ನಿನ್ನ ಮಗಳ ಮದುವೆಯ ವರ್ಷ ನೆನಪಿಟ್ಟುಕೊಳ್ಳುವುದು ನಿನ್ನ ಕೆಲಸ. ಆ ಮದುವೆಯ ಸೀರೆಯ ನೂಲಿಗೆ ಬಣ್ಣ ಹಾಕಿದವನು ನಾನು. ಅಂಚು ಯಾವ ಹಸಿರು, ಒಡಲು ಯಾವ ಕೆಂಪು, ಎಷ್ಟು ಲಡಿ ನೂಲು ಅದ್ದಿದೆ, ಎರಡನೆಯ ಕಡಾಯಿಗೆ ನೀರು ಹೆಚ್ಚಾಗಿ ಯಾವ ಲಡಿ ತೆಳುವಾಯಿತು, ಕೇಳು, ಹೇಳುತ್ತೇನೆ. ಎಪ್ಪತ್ನಾಲ್ಕು ವರ್ಷದವನ ತಲೆ ಸರಿಯಿದೆಯೋ ಇಲ್ಲವೋ ಎಂದು ನೋಡುವ ಮೊದಲು ಬಾಯಿ ಮುಚ್ಚಿಕೊಂಡು ಕೇಳುವುದನ್ನು ಕಲಿಯಿರಿ. ನಾನು ಈಗ ಹೇಳುವುದರಲ್ಲಿ ಒಂದು ಮಾತು ತಪ್ಪಿದೆ ಎನ್ನುವವರು ನನ್ನ ಹೆಂಡತಿ ಅನ್ನದಾನಮ್ಮನನ್ನು ಕೇಳಿ. ಅವಳು ನನ್ನ ಪರವಾಗಿ ಸುಳ್ಳು ಹೇಳುವವಳಲ್ಲ. ಈ ವಿಷಯದಲ್ಲಂತೂ ಅಲ್ಲವೇ ಅಲ್ಲ.

ಟೈಪು ಮಾಡಲು ನನಗೆ ಬರುವುದಿಲ್ಲ, ಅದಕ್ಕೇ ಬಾಯಲ್ಲಿ ಹೇಳುತ್ತಿದ್ದೇನೆ. ಉದ್ದವಾಗುತ್ತದೆ. ಬೆರಳು ಜಾರಿ ನಿಂತುಹೋದರೆ ಮತ್ತೆ ಒತ್ತಿ ಮುಂದಿನದು ಹೇಳುತ್ತೇನೆ. ಪೂರ್ತಿ ಕೇಳಿ. ಶಾಲೆಯ ಗೇಟಿನ ಮುಂದೆ ಮಿಠಾಯಿ ಮಾರುತ್ತಿದ್ದ ಉಜ್ಜಿನಮ್ಮನ ಹೆಸರು ಹೇಗೆ ಕೆಟ್ಟಿತು ಎನ್ನುವ ಸಂಗತಿ ಇದು. ನೀವೆಲ್ಲ ಅದನ್ನು ಒಂದು ರೀತಿ ಕೇಳಿದ್ದೀರಿ. ಆ ವಿಡಿಯೋವನ್ನೂ ನೋಡಿದ್ದೀರಿ. ಅದು ಸುಳ್ಳು.

ಎರಡು ವರ್ಷದ ಹಿಂದಿನ ಫೆಬ್ರವರಿ. ರಾಯದುರ್ಗದ ಈ ಮಗ್ಗುಲಲ್ಲಿ ಒಂದು ಕನ್ನಡ ಮೀಡಿಯಂ ಹೈಸ್ಕೂಲು. ಹೆಸರು ಹೇಳುವುದಿಲ್ಲ, ಶಾಲೆಯದು ತಪ್ಪಿಲ್ಲ. ಅಲ್ಲಿಗೆ ನಾಗವೇಣಿ ಎಂಬ ಸೈನ್ಸ್ ಟೀಚರು ಬಂದು ವರ್ಷವಾಗಿತ್ತು. ಮಡಕಶಿರಾ ಕಡೆಯವರು. ಪಾಠ ಓದಿಸಿ ಸುಮ್ಮನೆ ಕೂರುವ ಹೆಣ್ಣುಮಗಳಲ್ಲ. ಆ ಶಾಲೆಯ ಲ್ಯಾಬಿಗೆ ಬಾಗಿಲು ಇತ್ತು, ಬೀಗ ಇತ್ತು, ಒಳಗೆ ಒಡೆದ ಬೀಕರು ಎರಡು ಬಿಟ್ಟರೆ ಏನೂ ಇರಲಿಲ್ಲ. ಟೀಚರು ಸ್ಟೀಲು ಲೋಟ, ನಿಂಬೆಹಣ್ಣು, ಅರಿಶಿನ, ಸೈಕಲ್ಲಿನ ಕಡ್ಡಿ, ಇಂಥವನ್ನೇ ಸೇರಿಸಿಕೊಂಡು ಮಕ್ಕಳ ಕೈಯಲ್ಲಿ ಪ್ರಯೋಗ ಮಾಡಿಸುತ್ತಿದ್ದರು. ಒಂದು ಬೆಳಿಗ್ಗೆ ನನ್ನ ಬಣ್ಣದ ಕೊಟ್ಟಿಗೆಗೆ ಬಂದು ಬಾಗಿಲಲ್ಲಿ ನಿಂತರು.

"ಚಿತ್ತಪ್ಪನೋರೆ, ನೀವು ಒಂದಿನ ನಮ್ ಸ್ಕೂಲಿಗೆ ಬರ್ಬೇಕಲ್ಲ."

"ಯಾಕ್ರಿ ಟೀಚರ್, ಈ ವಯಸ್ಸಿನಾಗ ನನ್ನ ಒಂಬತ್ತನೇ ಕ್ಲಾಸಿಗೆ ಸೇರಿಸ್ಕಂತೀರೇನು?"

"ಸೇರಿಸ್ಕಂತೀನಿ. ಆದ್ರೆ ಮಾತು ಕಮ್ಮಿ ಮಾಡ್ಬೇಕು ನೀವು."

ಇಬ್ಬರೂ ನಕ್ಕೆವು. ಆಮೇಲೆ ಅವರು ವಿಷಯ ಹೇಳಿದರು. ಇಪ್ಪತ್ತೆಂಟಕ್ಕೆ ಸೈನ್ಸ್ ಡೇ. ಒಂಬತ್ತನೇ ಕ್ಲಾಸಿಗೆ ಪೇಪರ್ ಕ್ರೊಮಟೋಗ್ರಫಿ ಎನ್ನುವ ಪಾಠ ಇದೆಯಂತೆ. ಆ ಹೆಸರು ನನ್ನ ಬಾಯಿಗೆ ಸರಿಯಾಗಿ ಬರಲು ಮೂರು ದಿನ ಹಿಡಿಯಿತು. ನೀರು ಹೀರುವ ಕಾಗದದ ಪಟ್ಟಿಯ ಮೇಲೆ ಬಣ್ಣದ ಚುಕ್ಕೆ ಇಟ್ಟು, ಕಾಗದದ ಬುಡವನ್ನಷ್ಟೇ ನೀರಿಗೆ ತಾಗಿಸಬೇಕು. ನೀರು ಕಾಗದದೊಳಗೆ ಮೇಲೇರುತ್ತದೆ, ಜೊತೆಗೆ ಬಣ್ಣವನ್ನೂ ಎಳೆದುಕೊಂಡು ಹೋಗುತ್ತದೆ. ಒಂದೊಂದು ಬಣ್ಣ ಒಂದೊಂದು ಎತ್ತರದಲ್ಲಿ ನಿಲ್ಲುತ್ತದೆ. ಬೆರಕೆಯಿದ್ದರೆ ಬೇರೆಬೇರೆಯಾಗಿ ಕಾಣುತ್ತದೆ. ನಲವತ್ತೈದು ವರ್ಷ ನಾನು ಬಣ್ಣ ಬೆರೆಸಿದವನು. ಬೆರೆಸಿದ್ದನ್ನು ಬಿಡಿಸಲೂ ಬರುತ್ತದೆ ಎಂದು ಆ ದಿನ ಮೊದಲ ಸಲ ಕೇಳಿದೆ.

ಆಗಿನ್ನೂ ಟಿವಿಯಲ್ಲಿ ಅದೇ ಸುದ್ದಿ. ತಮಿಳುನಾಡಿನಲ್ಲಿ ಹತ್ತಿಯಂಥ ಗುಲಾಬಿ ಮಿಠಾಯಿಗೆ ಬಟ್ಟೆಯ ಬಣ್ಣ ಹಾಕುತ್ತಾರೆಂದು ಅದರ ಮಾರಾಟ ನಿಲ್ಲಿಸಿದ್ದರು. ಮಕ್ಕಳು ಟೀಚರನ್ನು ಕೇಳಿದ್ದವು: ಬಟ್ಟೆಯ ಬಣ್ಣ ಎಂದು ಹೇಗೆ ಗೊತ್ತಾಗುತ್ತದೆ? ಅದಕ್ಕೇ ಟೀಚರಿಗೆ ನನ್ನ ಬಳಿಯಿಂದ ಒಂದು ಚಿಟಿಕೆ ರಾಣಿ ಬಣ್ಣ ಬೇಕಿತ್ತು. ರಾಣಿ ಎಂದರೆ ಮದುವೆ ಸೀರೆಯ ಕಡು ಗುಲಾಬಿ, ಕಣ್ಣಿಗೆ ಹೊಡೆಯುತ್ತದಲ್ಲ, ಅದು.

"ಚಿಟಿಕೆ ಯಾಕ್ರಿ, ನಾನೇ ಬರ್ತೀನಿ" ಎಂದೆ. ಕರೆದದ್ದೇ ನನಗೆ ದೊಡ್ಡದಾಗಿತ್ತು. ಎರಡನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು.

ಇಪ್ಪತ್ತೆಂಟನೇ ತಾರೀಖು ಬೆಳಿಗ್ಗೆ ಒಂದು ಅವಸರದ ಕೆಲಸ ಇತ್ತು, ಆರು ಲಡಿ ರಾಣಿ ಅದ್ದಿ ಒಣಹಾಕಿದೆ. ಸೋಪು ಹಚ್ಚಿ ಮೂರು ಸಲ ಕೈ ತೊಳೆದೆ. ಬಿಳಿ ಪಂಚೆ, ಬಿಳಿ ಶರ್ಟು. ಬಣ್ಣದವನ ಕೈ ಎಷ್ಟು ತೊಳೆದರೂ ಬಿಳುಪಾಗುವುದಿಲ್ಲ. ಬೆರಳಿನ ಬಿರುಕುಗಳಲ್ಲಿ, ಉಗುರಿನ ಸಂದಿಯಲ್ಲಿ ಇದ್ದೇ ಇರುತ್ತದೆ. ಅದು ನಮ್ಮ ಚರ್ಮ ಎಂದೇ ನಾವು ತಿಳಿದಿರುತ್ತೇವೆ.

ಗೇಟಿನ ಹತ್ತಿರ ಉಜ್ಜಿನಮ್ಮ ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ಅವಳನ್ನು ಗೊತ್ತಿಲ್ಲದವರಿಗೆ ಹೇಳುತ್ತೇನೆ. ಅರವತ್ತು ದಾಟಿದ ಹೆಂಗಸು, ಗಂಡ ಇಲ್ಲ, ಒಬ್ಬಳೇ ಮಗಳನ್ನು ಮಡಕಶಿರಾ ಹತ್ತಿರದ ಅಗಳಿ ಊರಿಗೆ ಕೊಟ್ಟಿದ್ದಳು. ಸಕ್ಕರೆಯ ಪಾಕ ಕಾಯಿಸಿ, ಅದನ್ನು ಗೋಡೆಯ ಗೂಟಕ್ಕೆ ಹಾಕಿ ಎಳೆದು ಎಳೆದು, ಬೆರಳುದ್ದದ ಗುಲಾಬಿ ಮಿಠಾಯಿ ಮಾಡುತ್ತಿದ್ದಳು. ಇಪ್ಪತ್ತು ವರ್ಷದಿಂದ ಅದೇ ಗೇಟು, ಅದೇ ಬುಟ್ಟಿ. ಗುಲಾಬಿ ಬಣ್ಣ ಹೇಗೆ ಬರುತ್ತದೆ ಎಂದರೆ ಹೇಳುತ್ತಿರಲಿಲ್ಲ. "ನಮ್ಮವ್ವ ಹೇಳಿಕೊಟ್ಟಿದ್ದು, ನಿನಗ್ಯಾಕ?" ಎನ್ನುತ್ತಿದ್ದಳು.

"ಏನಣ್ಣಾ, ಮದಲಿಂಗನಂಗ ಹೊಂಟೀದಿ?" ಎಂದು ನನ್ನ ಬಿಳಿ ಬಟ್ಟೆ ನೋಡಿ ಕೂಗಿದಳು.

"ಪಾಠ ಹೇಳಾಕ ಹೊಂಟೀನಿ, ಏನಂತ ತಿಳ್ಕಂಡಿ?"

"ಹಂಗಾದ್ರ ಹುಡುಗ್ರ ಗತಿ ಮುಗೀತು ಬಿಡು."

ಅವಳು ನನ್ನೊಂದಿಗೆ ನಗುತ್ತಾ ಆಡಿದ ಕೊನೆಯ ಮಾತು ಅದು.

ಕ್ಲಾಸಿನಲ್ಲಿ ಮೂವತ್ತೊಂದು ಮಕ್ಕಳು. ಮೊದಲು ಟೀಚರು ಸ್ಕೆಚ್ ಪೆನ್ನಿನ ಆಟ ಆಡಿಸಿದರು. ಪಟ್ಟಿಯ ಬುಡದಿಂದ ಎರಡು ಬೆರಳು ಮೇಲೆ ಪೆನ್ಸಿಲಿನಲ್ಲಿ ಗೆರೆ, ಗೆರೆಯ ಮೇಲೆ ಕಪ್ಪು ಚುಕ್ಕೆ. ಪಟ್ಟಿಯ ತಲೆಯನ್ನು ಪೆನ್ಸಿಲಿಗೆ ಸುತ್ತಿ ಲೋಟದ ಬಾಯಿಗೆ ಅಡ್ಡ ಇಡಬೇಕು, ಬುಡ ನೀರಿಗೆ ತಾಗಬೇಕು, ಚುಕ್ಕೆ ಮುಳುಗಬಾರದು. ಮಾರೇಶ ಎಂಬ ಹುಡುಗ ಪೆನ್ಸಿಲಿಲ್ಲವೆಂದು ಸ್ಕೆಚ್ ಪೆನ್ನಿನಲ್ಲೇ ಗೆರೆ ಎಳೆದುಬಿಟ್ಟ. ಇಡೀ ಗೆರೆಯೇ ಎದ್ದು ಮೇಲೆ ಹರಿಯಿತು.

"ಟೀಚರ್, ನನ್ನ ಗೆರಿ ಓಡಿ ಹೋಗಾಕ ಹತ್ತೈತಿ!"

"ನಿನ್ ಹಂಗೇ ಅದು, ಕೂತ್ಕೊ ಅಂದ್ರೆ ಕೂರಲ್ಲ" ಎಂದರು ಟೀಚರು. "ಅದಕ್ಕೇ ಪೆನ್ಸಿಲ್ಲು ಅಂದಿದ್ದು. ಪೆನ್ಸಿಲ್ಲು ನೀರಾಗೆ ಕರಗಲ್ಲ."

ಕಪ್ಪು ಚುಕ್ಕೆ ಮೇಲೇರುತ್ತಾ ನೀಲಿಯಾಯಿತು, ಕೆಂಪಾಯಿತು, ತುದಿಯಲ್ಲಿ ಹಳದಿ. ಮಕ್ಕಳು ಬೆಂಚು ಹತ್ತಿ ನಿಂತು ನೋಡಿದವು. ನಾನೂ ಬಾಯಿ ಬಿಟ್ಟುಕೊಂಡು ನೋಡಿದೆ.

ಆಮೇಲೆ ಗುಲಾಬಿಯ ಸರದಿ. ಟೀಚರು ರಾಯದುರ್ಗದ ಬಸ್‌ಸ್ಟ್ಯಾಂಡಿನಿಂದ ಹತ್ತಿಯಂಥ ಮಿಠಾಯಿ ತರಬೇಕೆಂದಿದ್ದರು, ಸಿಕ್ಕಿರಲಿಲ್ಲ. ಮುಂದಿನ ಬೆಂಚಿನ ರಾಧಾ ತನ್ನ ಬ್ಯಾಗಿನಿಂದ ಅರ್ಧ ಕಚ್ಚಿದ ಮಿಠಾಯಿ ತೆಗೆದು, "ಟೀಚರ್, ಉಜ್ಜಿನವ್ವಂದು ಐತಿ" ಎಂದಳು. ಟೀಚರು ಒಂದು ಗಳಿಗೆ ತಡೆದರು. ಆಮೇಲೆ, "ಆಗ್ಲಿ, ಒಳ್ಳೇದೇ ಆತು. ಉಜ್ಜಿನಮ್ಮಂದು ಸರಿ ಐತೆ ಅಂತ ಎಲ್ರಿಗೂ ಗೊತ್ತಾಗ್ಲಿ" ಎಂದರು. ಅವರ ಮನಸ್ಸಿನಲ್ಲಿ ಇದ್ದದ್ದು ಅಷ್ಟೇ. ಇದನ್ನು ನೆನಪಿಡಿ.

ಒಂದೇ ಅಗಲ ಕಾಗದ. ಬುಡದಲ್ಲಿ ಮೂರು ಚುಕ್ಕೆಗೆ ಜಾಗ ಗುರುತು ಮಾಡಿದರು. ಒಂದು ನನ್ನ ರಾಣಿ ಬಣ್ಣ, ಒಂದು ಮಿಠಾಯಿ ಕರಗಿಸಿದ ನೀರು, ಮೂರನೆಯದು ಬರೀ ನೀರು.

"ಬರೀ ನೀರಿಂದೂ ಒಂದು ಚುಕ್ಕೆ ಇರ್ಬೇಕು. ಏನೂ ಹಾಕ್ದೆ ಇದ್ರೆ ಏನ್ ಆಗ್ತೈತೆ ಅಂತ ಗೊತ್ತಿರ್ಬೇಕಲ್ಲ."

ಅದಕ್ಕೆ ನಾನು ಬಾಯಿ ಹಾಕಿದೆ. "ಅಲ್ರಿ ಟೀಚರ್, ನೀರಿಗೆ ಯಾವ ಬಣ್ಣ? ನೀರು ಸೀರಿ ಉಡ್ತೈತೇನ್ರಿ?" ಎಂದೆ. ಮಕ್ಕಳು ಬೆಂಚು ಕುಟ್ಟಿ ನಕ್ಕವು. ಟೀಚರೂ ನಕ್ಕು, ಗಂಟೆ ಹೊಡೆಯುವ ಹೊತ್ತಾಯಿತೆಂದು ಮೂರನೆಯ ಗುರುತನ್ನು ಖಾಲಿ ಬಿಟ್ಟರು.

ಚುಕ್ಕೆ ಇಡುವುದಕ್ಕೆ ಅವರು ಊದುಬತ್ತಿಯ ಕಡ್ಡಿಗಳನ್ನು ತಂದಿದ್ದರು. ಕಡ್ಡಿಯಲ್ಲಿ ಚುಕ್ಕೆ ದಪ್ಪವಾಗುತ್ತಿತ್ತು. ನಾನು, "ಬಿಡ್ರಿ, ಇದು ನನ್ನ ಕೆಲಸ" ಎಂದು ಜೇಬಿನಿಂದ ರೇಷ್ಮೆ ನೂಲಿನ ತುಂಡು ತೆಗೆದೆ. ಸೂಜಿಗೆ, ಮಗ್ಗದ ಹಣಿಗೆಗೆ ನೂಲು ಪೋಣಿಸುವಾಗ ನಾವೇನು ಮಾಡುತ್ತೇವೆ? ತುದಿಯನ್ನು ನಾಲಿಗೆಗೆ ತಾಗಿಸಿ, ಹೆಬ್ಬೆರಳು ತೋರುಬೆರಳಿನ ನಡುವೆ ಹೊಸೆಯುತ್ತೇವೆ. ಮುಳ್ಳಿನಂಥ ಮೊನೆ ಬರುತ್ತದೆ. ಕೈ ತಾನಾಗಿ ಮಾಡುವ ಕೆಲಸ, ತಲೆಗೆ ಗೊತ್ತೂ ಆಗುವುದಿಲ್ಲ. ಒಂದು ನೂಲನ್ನು ಹಾಗೆ ಹೊಸೆದು ರಾಣಿಯ ಚುಕ್ಕೆ ಇಟ್ಟೆ. ಅದನ್ನು ಎಸೆದು ಹೊಸ ನೂಲು ತೆಗೆದು, ಒದ್ದೆ ಮಾಡಿ, ಹೊಸೆದು, ಮಿಠಾಯಿ ನೀರಿನಲ್ಲಿ ಅದ್ದಿ ಎರಡನೆಯ ಚುಕ್ಕೆ ಇಟ್ಟೆ. ಸಾಸಿವೆ ಕಾಳಿನಷ್ಟು. ನಾಲ್ಕು ಸಲ, ಒಂದರ ಮೇಲೊಂದು. ಮಕ್ಕಳು ಚಪ್ಪಾಳೆ ಹೊಡೆದವು.

ಕಾಲು ಗಂಟೆ ಕಾದೆವು. ರಾಣಿ ಬಣ್ಣ ಏರಿ ಕಾಗದದ ಮುಕ್ಕಾಲು ಎತ್ತರಕ್ಕೆ ನಿಂತಿತು. ಮಿಠಾಯಿಯ ಚುಕ್ಕೆಯಿಂದ ಒಂದು ಮಾಸಲು ನೇರಳೆ ಹರಡಿ ಕೆಳಗೇ ಉಳಿಯಿತು. ಅದರ ಮೇಲೆ, ರಾಣಿ ನಿಂತ ಎತ್ತರದಲ್ಲೇ, ಎಳೆಯಷ್ಟು ತೆಳುವಾದ ಕಡು ಗುಲಾಬಿ ಗೆರೆ.

"ರಾಣಿ! ರಾಣಿ! ಉಜ್ಜಿನವ್ವ ಬಟ್ಟಿ ಬಣ್ಣ ಹಾಕ್ಯಾಳ!" ಎಂದು ಕೂಗಿದವನು ಮಾರೇಶ. ರಾಧಾ ಅಲ್ಲೇ ಕಿಟಕಿಗೆ ಓಡಿ ಬಾಯಿಗೆ ಬೆರಳು ಹಾಕಿಕೊಂಡು ವಾಂತಿ ಮಾಡಿದಳು.

ಟೀಚರು ಕಾಗದವನ್ನು ಬೆಳಕಿಗೆ ಹಿಡಿದು, "ಈ ಮಾಸಲು ಬಣ್ಣ ಏನಿದು, ಚಿತ್ತಪ್ಪನೋರೆ? ನಿಮ್ ಬಣ್ಣದಾಗೆ ಇದಿಲ್ವಲ್ಲ" ಎಂದರು.

"ಪಾಕ ಸೀದಿದ್ದು ಅದು. ಮ್ಯಾಲಿಂದು ರಾಣಿನೇ. ನಲವತ್ತೈದು ವರ್ಷ ನೋಡಿದ ಕಣ್ಣು ಇದು, ಟೀಚರ್."

ನಾನು ಹಾಗೆ ಹೇಳಿದ ಮೇಲೆ ಅವರು ಮತ್ತೆ ಕೇಳಲಿಲ್ಲ.

ಯಾರಿಗೂ ಹೇಳಬೇಡಿ, ನಾಳೆ ಇನ್ನೊಂದು ಸಲ ಮಾಡಿ ನೋಡೋಣ ಎಂದು ಟೀಚರು ಮಕ್ಕಳಿಗೆ ಹೇಳಿದ್ದು ನಿಜ. ಮೂವತ್ತೊಂದು ಬಾಯಿಗೆ ಯಾರು ಬೀಗ ಹಾಕುತ್ತಾರೆ? ಮಧ್ಯಾಹ್ನದ ಊಟಕ್ಕೆ ಮನೆಗೆ ಹೋದವರು ಹೇಳಿದರು. ನಾಲ್ಕು ಗಂಟೆಗೆ ಶಾಲೆ ಬಿಡುವಾಗ ರಾಧಾಳ ಅಪ್ಪ ಯರ್ರಪ್ಪ ಹತ್ತು ಜನರನ್ನು ಕಟ್ಟಿಕೊಂಡು ಗೇಟಿಗೆ ಬಂದ. ಬುಟ್ಟಿಯನ್ನು ಒದ್ದ. ಮಿಠಾಯಿ ಮಣ್ಣಿಗೆ ಬಿದ್ದವು, ಅವನ್ನು ಚಪ್ಪಲಿಯಲ್ಲಿ ತುಳಿದ.

"ಮಕ್ಕಳಿಗೆ ವಿಷ ಹಾಕ್ತೀಯೇನೇ? ನಿನಗೂ ಮಗಳಿಲ್ಲೇನು?"

"ಏನ್ ವಿಷನಪ್ಪ? ಯಾರ್ ಹೇಳಿದ್ರು? ಇಪ್ಪತ್ತು ವರ್ಷ ಆತು, ನೀನೂ ತಿಂದೀದಿ ಇದನ್ನ!"

"ಸೈನ್ಸು ಹೇಳೈತಿ! ಬಣ್ಣದ ಚಿತ್ತಪ್ಪ ನೋಡ್ಯಾನ!"

ಯಾರೋ ಫೋನು ಹಿಡಿದು ಇದನ್ನೆಲ್ಲ ತೆಗೆದರು. ನೀವು ನೋಡಿದ ವಿಡಿಯೋ ಅದೇ. ಅದರಲ್ಲಿ ಕೊನೆಗೆ ಉಜ್ಜಿನಮ್ಮ ತಲೆ ಎತ್ತಿ ಒಂದು ಕಡೆ ನೋಡುತ್ತಾಳೆ. ಅವಳು ನೋಡುತ್ತಿದ್ದದ್ದು ನನ್ನನ್ನು. ನಾನು ಕಾಂಪೌಂಡಿನ ಒಳಗೆ ಬೇವಿನ ಮರದ ಬುಡದಲ್ಲಿ ನಿಂತಿದ್ದೆ. ಗೇಟಿನ ಕಡೆ ಹೆಜ್ಜೆ ಇಡಲಿಲ್ಲ. ಆಗ ನನಗೂ ಅವಳೇ ತಪ್ಪು ಮಾಡಿದ್ದಾಳೆ ಎಂದಿತ್ತು. ಮನೆಗೆ ಹೋಗುವವರೆಗೆ ಮಾತ್ರ ಹಾಗಿತ್ತು.

ನಿಲ್ಲಿ, ನೀರು ಕುಡಿದು ಬರುತ್ತೇನೆ.

ಹೂಂ. ಮನೆಗೆ ಬಂದು ಅನ್ನದಾನಮ್ಮನಿಗೆ ಈ ಆಟ ತೋರಿಸಬೇಕೆಂದು ಹುಕಿ ಬಂತು. ಟೀಚರು ಕೊಟ್ಟ ಕಾಗದ ಒಂದೆರಡು ಉಳಿದಿತ್ತು. ಇನ್ನೂ ಹೊತ್ತು ಮುಳುಗಿರಲಿಲ್ಲ, ಜಗಲಿಯ ಮೇಲೆ ಲೋಟ ಇಟ್ಟೆ. ಮನೆಯಲ್ಲಿ ಗುಲಾಬಿಯದು ಏನೂ ಇರಲಿಲ್ಲ. "ಮೊದಲು ನೀರಿನ ಚುಕ್ಕಿ ಇಡ್ತೀನಿ, ಏನೂ ಬರಾಂಗಿಲ್ಲ, ನೋಡು" ಎಂದೆ. ನೂಲು ತೆಗೆದೆ, ನಾಲಿಗೆಗೆ ತಾಗಿಸಿದೆ, ಹೊಸೆದೆ, ಕುಡಿಯುವ ನೀರಿನಲ್ಲಿ ಅದ್ದಿ ನಾಲ್ಕು ಸಲ ಚುಕ್ಕೆ ಇಟ್ಟೆ.

ಕಾಲು ಗಂಟೆಗೆ ಮುಕ್ಕಾಲು ಎತ್ತರದಲ್ಲಿ ತೆಳ್ಳಗೆ ರಾಣಿ ಗೆರೆ ನಿಂತಿತು.

ಅನ್ನದಾನಮ್ಮ ಕಾಗದ ನೋಡಿದಳು, ನನ್ನ ಬೆರಳು ನೋಡಿದಳು. "ನಮ್ಮ ಕೊಡದ ನೀರಿಗೂ ಬಣ್ಣ ಹಾಕಿ ಹೋಗ್ಯಾಳೇನು ಉಜ್ಜಿನಮ್ಮ?" ಎಂದಳು.

ಇನ್ನೊಂದು ಕಾಗದದಲ್ಲಿ ಊದುಬತ್ತಿಯ ಕಡ್ಡಿಯಿಂದ ನೀರಿನ ಚುಕ್ಕೆ ಇಟ್ಟೆ. ಏನೂ ಬರಲಿಲ್ಲ. ಕಾಗದ ಬಿಳಿಯಾಗಿಯೇ ಇತ್ತು.

"ಈಗ್ಲೇ ಹೋಗಿ ಹೇಳಿ ಬಾ" ಎಂದಳು.

"ನಾಳೆ ಹೇಳ್ತೀನಿ."

ಮಾರನೆಯ ದಿನ ನಾನು ಹೋಗಬೇಕಾಗಿ ಬರಲಿಲ್ಲ, ಟೀಚರೇ ಬಂದರು. ಮುಖ ಬಾಡಿತ್ತು. ಕೊಟ್ಟಿಗೆಯಲ್ಲಿ ಕೂರಲಿಲ್ಲ, ನಿಂತೇ ಕೇಳಿದರು.

"ಚಿತ್ತಪ್ಪನೋರೆ, ಬೇಜಾರ್ ಮಾಡ್ಕಬ್ಯಾಡಿ. ರಾತ್ರಿಯೆಲ್ಲಾ ಯೋಚ್ನೆ ಮಾಡ್ದೆ. ನೀವು ನೂಲು ಹೊಸೀವಾಗ ಕೈಯಾಗೆ ಬಣ್ಣ ಇರ್ಲಿಲ್ಲ ತಾನೆ? ಸರಿಯಾಗಿ ತೊಳ್ಕಂಡಿದ್ರಾ?"

ಇಷ್ಟು ನೇರವಾಗಿ ಕೇಳಿದರು. ನಿಜ ಹೇಳಲು ನನಗೆ ಬಾಗಿಲು ಪೂರ್ತಿ ತೆರೆದು ಹಿಡಿದಿದ್ದರು. ಒಳಗೆ ಅನ್ನದಾನಮ್ಮ ಅಕ್ಕಿ ಆರಿಸುತ್ತಿದ್ದವಳು ಕೈ ನಿಲ್ಲಿಸಿದ್ದು ನನಗೆ ಕೇಳಿಸಿತು.

"ಮೂರು ಸಲ ಸೋಪು ಹಾಕಿ ತೊಳದೀನ್ರಿ. ಬಣ್ಣದವನಿಗೆ ಕೈ ತೊಳಿಯೋದು ಹೇಳಿಕೊಡ್ತೀರೇನು?" ಎಂದೆ.

ತೊಳೆದದ್ದು ನಿಜವೇ. ಆದರೂ ಅದಕ್ಕಿಂತ ದೊಡ್ಡ ಸುಳ್ಳನ್ನು ನಾನು ಈ ಜನ್ಮದಲ್ಲಿ ಹೇಳಿಲ್ಲ. ಯಾಕೆ ಹೇಳಿದೆ? ಯರ್ರಪ್ಪನ ಭಯವೇ? ಅಲ್ಲ. ಸೊಕ್ಕು. ಬೆಳಿಗ್ಗೆಯಿಂದ ಮೂರು ಜನ ಬಂದು, "ನೀನಿಲ್ದಿದ್ರ ನಮ್ಮ ಮಕ್ಕಳು ಇನ್ನೂ ಅದನ್ನೇ ತಿಂತಿದ್ವು" ಎಂದು ಕೈ ಮುಗಿದು ಹೋಗಿದ್ದರು. ಬಣ್ಣದವನ ಕೈಯೇ ಬಣ್ಣ ಕೆಡಿಸಿತು ಎಂದು ನನ್ನ ಬಾಯಿಯಿಂದಲೇ ಹೇಗೆ ಹೇಳಲಿ? ಟೀಚರು, "ಹಂಗಾದ್ರೆ ಸರಿ. ತಪ್ಪ್ ತಿಳ್ಕಬ್ಯಾಡಿ" ಎಂದು ನನ್ನ ಹತ್ತಿರವೇ ಕ್ಷಮೆ ಕೇಳಿ ಹೋದರು. ಮತ್ತೆ ಪ್ರಯೋಗ ಮಾಡಲು ಮಿಠಾಯಿ ಎಲ್ಲಿತ್ತು? ಎಲ್ಲ ಮಣ್ಣಾಗಿತ್ತು.

ಮೂರನೆಯ ದಿನ ಉಜ್ಜಿನಮ್ಮ ಬಂದಳು. ಸೆರಗಿನಲ್ಲಿ ಏನೋ ಕಟ್ಟಿಕೊಂಡಿದ್ದಳು. ಜಗಲಿಯ ಮೇಲೆ ಬಿಚ್ಚಿದಳು. ಪಾಪಾಸುಕಳ್ಳಿಯ ಹಣ್ಣು, ಏಳೋ ಎಂಟೋ. ಬೇಲಿಯಲ್ಲಿ ಬೆಳೆಯುತ್ತದಲ್ಲ, ಕೂದಲಿನಂಥ ಮುಳ್ಳು ಮೈತುಂಬ. ಅವಳ ಬೆರಳುಗಳೆಲ್ಲ ಊದಿದ್ದವು. ಒಂದು ಹಣ್ಣನ್ನು ಕಲ್ಲಿನಿಂದ ಜಜ್ಜಿದಳು. ಕಡು ಗುಲಾಬಿ ರಸ ಜಗಲಿಯ ಮೇಲೆ ಹರಿಯಿತು.

"ಇದಣ್ಣಾ ನನ್ನ ಬಣ್ಣ. ಪಾಕ ಇಳಿಸಿ, ಆರಿದ ಮ್ಯಾಲೆ ಹಾಕ್ತೀನಿ. ಬಿಸಿಗೆ ಹಾಕಿದ್ರ ಮಾಸ್ತೈತಿ. ಹೇಳಿದ್ರ ಊರು ಮಂದಿ ಬೇಲಿ ಬೋಳಿಸ್ತಾರ ಅಂತ ಯಾರಿಗೂ ಹೇಳಿದ್ದಿಲ್ಲ. ನಿನಗ ಬಣ್ಣ ಗೊತ್ತು. ನೀನು ಒಂದು ಮಾತು ಹೇಳಿದ್ರ ಕೇಳ್ತಾರ. ಬಾ, ಸ್ಕೂಲಿಗೆ ಹೋಗಾನ. ಆ ಕಾಗದಕ ಇದನ್ನ ಹಚ್ಚಿ ತೋರ್ಸು."

ಆ ಮಾಸಲು ನೇರಳೆ ಏನೆಂದು ಅಲ್ಲಿಗೆ ತಿಳಿಯಿತು. ಕಾಗದ ಎಲ್ಲವನ್ನೂ ಸರಿಯಾಗಿಯೇ ತೋರಿಸಿತ್ತು. ಅವಳದನ್ನು ಕೆಳಗೆ, ನನ್ನದನ್ನು ಮೇಲೆ. ಓದಿದವನು ತಪ್ಪು ಓದಿದ್ದ.

ನಾನು ಏನು ಹೇಳಿದೆ ಗೊತ್ತೇ? "ಕಾಗದ ಸುಳ್ಳು ಹೇಳಾಂಗಿಲ್ಲ, ಉಜ್ಜಿನಮ್ಮ" ಎಂದೆ.

ಅವಳು ಬಯ್ಯಲಿಲ್ಲ. ಹಣ್ಣುಗಳನ್ನು ಮತ್ತೆ ಸೆರಗಿಗೆ ಕಟ್ಟಿಕೊಂಡಳು. ಅನ್ನದಾನಮ್ಮ ಮಜ್ಜಿಗೆ ತಂದು ಕೊಟ್ಟಳು, ಕುಡಿಯಲಿಲ್ಲ. ಅವಳು ಹೋದ ಮೇಲೆ ನನ್ನ ಹೆಂಡತಿ ಆ ಮಜ್ಜಿಗೆಯನ್ನು ನನ್ನ ಕಾಲ ಬಳಿ ಚೆಲ್ಲಿ ಒಳಗೆ ಹೋದಳು. ಅಂದಿನಿಂದ ನಮ್ಮ ಮನೆಯಲ್ಲಿ ಬೇಕಾದಷ್ಟೇ ಮಾತು.

ಮಾರ್ಚಿನಲ್ಲಿ ಉಜ್ಜಿನಮ್ಮ ಮನೆಗೆ ಬೀಗ ಹಾಕಿ ಅಗಳಿಗೆ, ಮಗಳ ಹತ್ತಿರ ಹೋದಳು. ಶಾಲೆಯ ಪ್ರಯೋಗ ಜಿಲ್ಲೆಯ ಪ್ರದರ್ಶನಕ್ಕೆ ಹೋಗಿ ಬಹುಮಾನ ಬಂತು. ನನಗೆ ಶಾಲು ಹೊದಿಸಿದರು. ಹೊದ್ದುಕೊಂಡೆ. ಮುಂದಿನ ವರ್ಷ ನಾಗವೇಣಿ ಟೀಚರು ತಮ್ಮ ಮಡಕಶಿರಾ ಕಡೆಗೆ ಟ್ರಾನ್ಸ್‌ಫರ್ ಮಾಡಿಸಿಕೊಂಡು ಹೋದರು.

ಹಾಗೇ ಸತ್ತುಹೋಗುತ್ತಿದ್ದೆನೋ ಏನೋ. ಈ ಫೆಬ್ರವರಿಯಲ್ಲಿ ಹೊಸ ಮೇಷ್ಟ್ರು ನನ್ನನ್ನು ಮತ್ತೆ ಸೈನ್ಸ್ ಡೇಗೆ ಕರೆದರು. ಹೋದೆ. ಲ್ಯಾಬಿನ ಗೋಡೆಗೆ ಆ ಕಾಗದವನ್ನೇ ಪ್ಲಾಸ್ಟಿಕ್ ಹಾಳೆಯೊಳಗೆ ಹಾಕಿ ಅಂಟಿಸಿದ್ದಾರೆ. ನೇರಳೆ ಪೂರ್ತಿ ಮಾಸಿಹೋಗಿದೆ, ರಾಣಿ ಗೆರೆ ಹಾಗೇ ಇದೆ. ಏಳನೇ ಕ್ಲಾಸಿನ ಒಂದು ಹೆಣ್ಣುಮಗು ಕೋಲು ಹಿಡಿದು ನಿಂತು ಒಪ್ಪಿಸಿತು: "ಇದು ಉಜ್ಜಿನಮ್ಮ ಎಂಬುವವರು ಮಿಠಾಯಿಯಲ್ಲಿ ಬೆರೆಸುತ್ತಿದ್ದ ವಿಷದ ಬಣ್ಣ." ಆ ಮಗು ಉಜ್ಜಿನಮ್ಮನನ್ನು ಕಂಡಿಲ್ಲ. ನಾನು ಎದ್ದು, "ಸುಳ್ಳು ಅದು, ತೆಗೀರಿ" ಎಂದೆ. ಮೇಷ್ಟ್ರು ನನ್ನ ಭುಜ ಹಿಡಿದು ಕೂರಿಸಿ, "ವಯಸ್ಸಾತು, ಮರೆವು, ಪಾಪ" ಎಂದು ಮಕ್ಕಳಿಗೆ ಹೇಳಿದರು. ಪಕ್ಕದಲ್ಲಿ ಕೂತಿದ್ದ ನಮ್ಮೂರವರೂ ತಲೆಯಾಡಿಸಿದರು.

ಮಾರನೆಯ ದಿನವೇ ಬಸ್ಸು ಹತ್ತಿದೆ. ಕಲ್ಯಾಣದುರ್ಗಕ್ಕೆ ಒಂದು, ಅಲ್ಲಿಂದ ಮಡಕಶಿರಕ್ಕೆ ಒಂದು. ಮೊದಲೇ ಫೋನು ಮಾಡಿದ್ದೆ. ನಾಗವೇಣಿ ಟೀಚರು ಬಸ್‌ಸ್ಟ್ಯಾಂಡಿಗೇ ಬಂದರು. ಕಲ್ಲುಬೆಂಚಿನ ಮೇಲೆ ಕೂರಿಸಿ ಎಲ್ಲ ಹೇಳಿದೆ. ಅವರು ತಲೆ ತಗ್ಗಿಸಿ ಬ್ಯಾಗಿನ ಜಿಪ್ಪು ಎಳೆಯುವುದು, ಮುಚ್ಚುವುದು ಮಾಡುತ್ತಿದ್ದರು.

"ನಾನು ಕೇಳಿದ್ನಲ್ಲ ನಿಮ್ಮುನ್ನ" ಎಂದರು.

"ಕೇಳಿದ್ರಿ."

"ನೀರಿನ ಚುಕ್ಕೆ ಬಿಟ್ಟಿದ್ದು ನನ್ ತಪ್ಪು. ನೀವ್ ಏನೇ ಅಂದ್ರೂ ಟೀಚರ್ ನಾನು." ಆಮೇಲೆ, "ಅಗಳಿಗೆ ಒಂದ್ಸಲ ಹೋಗಿದ್ದೆ. ಮನೆ ತಂಕ ಹೋಗಿ, ಬಾಗ್ಲು ತಟ್ದೆ ವಾಪಸ್ ಬಂದೆ" ಎಂದರು. ನನ್ನೊಂದಿಗೆ ಬರಲು ಕರೆದೆ. "ಯಾವ್ ಮುಖ ಇಟ್ಕಂಡ್ ಬರ್ಲಿ? ನೀವು ಮೊದ್ಲು ಹೋಗಿ ಬನ್ನಿ" ಎಂದು ಮನೆಯ ಗುರುತು ಹೇಳಿ ಆಟೋ ಹತ್ತಿಸಿದರು.

ಅಗಳಿಯಲ್ಲಿ ಉಜ್ಜಿನಮ್ಮ ಮಗಳ ಮನೆಯ ಅಂಗಳದಲ್ಲಿ ಕೂತು ಕೂಲಿಗೆ ಹುಣಸೆಹಣ್ಣು ಜಜ್ಜಿ ಬೀಜ ತೆಗೆಯುತ್ತಿದ್ದಳು. ಮಗಳು ನಾಗರತ್ನ ನನ್ನನ್ನು ಕಂಡ ಕೂಡಲೇ ಒಳಗೆ ಹೋಗಿ ಬಾಗಿಲು ಮುಂದಕ್ಕೆ ಎಳೆದುಕೊಂಡಳು. ಉಜ್ಜಿನಮ್ಮ ಏಳಲಿಲ್ಲ, ಸುತ್ತಿಗೆ ನಿಲ್ಲಿಸಲಿಲ್ಲ. ನಾನು ಮ‌ಣ್ಣಿನ ಮೇಲೆಯೇ ಕೂತು ಹೇಳಿದೆ. ಬೆರಳು ತೋರಿಸಿದೆ. ನೀರಿನ ಚುಕ್ಕೆ ಹೇಳಿದೆ. ಟೀಚರು ಕೇಳಿದ್ದು, ನಾನು ಬೊಗಳಿದ್ದು ಎಲ್ಲ ಹೇಳಿದೆ. ಅವಳು ಬಂದ ದಿನ ನನಗೆ ಮೊದಲೇ ಗೊತ್ತಿತ್ತು ಎನ್ನುವುದನ್ನೂ ಹೇಳಿದೆ. ಆಗ ಮಾತ್ರ ಸುತ್ತಿಗೆ ನಿಂತಿತು.

"ಗೊತ್ತಿತ್ತಾ?"

"ಗೊತ್ತಿತ್ತು."

"ಇಲ್ಲಿ ಸ್ಕೂಲಿನ ಮುಂದ ಎರಡು ದಿನ ಕೂತಿದ್ದೆ. ಮೂರನೇ ದಿನ ಆ ವಿಡಿಯೋ ಇಲ್ಲಿಗೂ ಬಂತು. ಅಂದಿನಿಂದ ಪಾಕದ ಒಲಿ ಹಚ್ಚಿಲ್ಲ. ಮೊಮ್ಮಕ್ಕಳಿಗೆ ಉಂಡಿ ಕಟ್ಟಿದ್ರೂ ನನ್ನ ಮಗಳು ಮೊದಲು ತಾನು ತಿಂದು ನೋಡ್ತಾಳ."

"ತಪ್ಪಾತು, ಉಜ್ಜಿನಮ್ಮ."

"ನನಗ್ಯಾಕ ಹೇಳ್ತಿ?" ಎಂದಳು. ಧ್ವನಿ ಏರಿಸಲಿಲ್ಲ. "ನಾನು ಏನು ಹಾಕ್ತಿದ್ದೆ ಅಂತ ನನಗ ಗೊತ್ತಿಲ್ಲೇನು? ನನ್ನ ಮುಂದ ಹೇಳಿ ನೀನು ಹಗುರಾಗ್ತಿ, ಅಷ್ಟೇ. ಆ ಹುಡುಗ್ರಿಗೆ ಹೇಳು. ಆ ವಿಡಿಯೋ ಎಲ್ಲೆಲ್ಲಿ ಹೋಗೈತೋ ಅಲ್ಲಿಗೆ ಹೋಗಿ ಹೇಳು. ಹೇಳಿ ಮುಗದ ಮ್ಯಾಲೆ ಬಾ."

ಮತ್ತೆ ಸುತ್ತಿಗೆ ಎತ್ತಿದಳು. ನನಗೆ ನೀರು ಕೊಡಲಿಲ್ಲ. ಸರಿಯೇ.

ಊರಿಗೆ ಬಂದು ಹೆಡ್‌ಮಾಸ್ತರರಿಗೆ ಹೇಳಿದ್ದೇನೆ. ಬಹುಮಾನ ಬಂದದ್ದು ಅದು, ಮೇಲಿನವರನ್ನು ಕೇಳಬೇಕು ಎನ್ನುತ್ತಾರೆ. ಕಾಗದ ಇನ್ನೂ ಗೋಡೆಯಲ್ಲಿದೆ. ಯರ್ರಪ್ಪನ ಮನೆಗೂ ಹೋದೆ. "ಆಗ ಒಂದು ಹೇಳಿದಿ, ಈಗ ಒಂದು ಹೇಳ್ತಿ, ಯಾವುದನ್ನ ನಂಬ್ಲಿ, ಮುದುಕಾ?" ಎಂದ. ಅವನ ಪ್ರಶ್ನೆಯಲ್ಲಿ ತಪ್ಪಿಲ್ಲ. ಆ ಕ್ಲಾಸಿನ ಮಕ್ಕಳು ಚದುರಿಹೋಗಿವೆ. ಮಾರೇಶ ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಕಡೆ ಇದ್ದಾನೆ, ಅವನಿಗೆ ಫೋನಿನಲ್ಲಿ ಹೇಳಿದೆ. "ಹೌದಾ ತಾತ?" ಎಂದ. ಮೂವತ್ತೊಂದರಲ್ಲಿ ಒಂಬತ್ತು ನಂಬರು ಸಿಕ್ಕಿವೆ. ಉಳಿದವರು ಎಲ್ಲೆಲ್ಲಿ ಇದ್ದಾರೋ. ರಾಧಾ ಡಿ. ಹಿರೇಹಾಳಿನ ಕಡೆ ಸೋದರಮಾವನ ಮನೆಯಲ್ಲಿದ್ದಾಳಂತೆ. ಅವಳ ಅಪ್ಪ ನಂಬರು ಕೊಡುವುದಿಲ್ಲ.

ಅದಕ್ಕೇ ಈ ವಾಯ್ಸ್ ನೋಟು. ನನ್ನ ಕಾಲು ಅಷ್ಟು ದೂರ ಹೋಗುವುದಿಲ್ಲ, ನಿಮ್ಮ ಫೋನು ಹೋಗುತ್ತದೆ. ರಾಮಾಂಜಿ, ನನ್ನನ್ನು ಅಣಕಿಸುವುದಾದರೆ ಆಮೇಲೆ ಅಣಕಿಸು, ಮೊದಲು ಇದನ್ನು ಕಳಿಸು. ಆ ವಿಡಿಯೋ ನಿಮಗೆ ಯಾರು ಕಳಿಸಿದರೋ ಅವರಿಗೆ ಕಳಿಸಿ, ನೀವು ಯಾರಿಗೆ ಕಳಿಸಿದ್ದಿರೋ ಅವರಿಗೂ ಕಳಿಸಿ. ಡಿ. ಹಿರೇಹಾಳ್, ಬಳ್ಳಾರಿ, ಮಡಕಶಿರಾ, ಅಗಳಿ, ಎಲ್ಲಿ ನಮ್ಮವರಿದ್ದಾರೋ ಅಲ್ಲಿಗೆಲ್ಲ. ನನ್ನ ಹೆಸರು ತೆಗೆಯಬೇಡಿ, ಬಣ್ಣದ ಚಿತ್ತಪ್ಪ ಹೇಳಿದ ಎಂದೇ ಹೇಳಿ. ರಾಧಾ ಎಂಬ ಹುಡುಗಿ ನಿಮಗೆ ಗೊತ್ತಿದ್ದರೆ ಅವಳನ್ನು ಎದುರಿಗೆ ಕೂರಿಸಿಕೊಂಡು ಕೇಳಿಸಿ. ನೀನು ತಿಂದದ್ದು ಸಕ್ಕರೆ ಮತ್ತು ಬೇಲಿಯ ಹಣ್ಣು, ಬೇರೆ ಏನೂ ಅಲ್ಲ ಮಗಳೇ, ಎಂದು ನನ್ನ ಪರವಾಗಿ ಹೇಳಿ. ಕಳಿಸಿ, ಈಗಲೇ ಕಳಿಸಿ.